ಹಕ್ಕರಕಿಗೆ ಹಕ್ಕಿಲ್ಲವೆ?

ಒಂದು ಸೀಮೆಯ ಸುಶಿಕ್ಷಿತರು ತಮ್ಮ ನೆಲವನ್ನು ಎಷ್ಟರ ಮಟ್ಟಿಗೆ ಬಲ್ಲರೆಂಬುದನ್ನು ತಿಳಿಯಬೇಕಾದರೆ ಅವರ ಕಪಾಟಿನೊಳಗಿನ ಪುಸ್ತಕಗಳನ್ನು ಎಣಿಸಬೇಕಾದುದಿಲ್ಲ. ಪುಷ್ಯ ಮಾಸದಲ್ಲಿ ಅವರ ತಾಟಿನೊಳಗೆ ರೊಟ್ಟಿಯ ಮಗ್ಗುಲಿಗೆ ಏನು ಬೀಳುತ್ತದೆಂಬುದನ್ನು ನೋಡಿದರೆ ಸಾಕು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಓದುಬರಹ ಬಲ್ಲ ಮನೆಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡೋಣ. ಸಂಕ್ರಾಂತಿಯ ಮುಂಚಿನ ದಿನಗಳಲ್ಲಿ ಊರಿನ ಸುತ್ತಲೂ ಎರೆಯ ಹೊಲಗಳು ಹಸುರಿನಿಂದ ತುಂಬಿ ತುಳುಕುತ್ತಿರುತ್ತವೆ. ಆ ಹೊಲದೊಳಗಿಂದ ಬೆಳಗಿನ ಇಬ್ಬನಿಯೊಡನೆ ಕಿತ್ತು ತಂದ ಹಕ್ಕರಕಿಯ ಸಿವುಡುಗಳನ್ನು ಪೇಟೆಯ ಮೂಲೆಯಲ್ಲಿ ಗೋಣಿಯ ತಟ್ಟಿನ ಮೇಲೆ ಹರವಿಕೊಂಡು ಒಬ್ಬ ಮುದುಕಿಯು ಕುಳಿತಿರುತ್ತಾಳೆ. ನಮ್ಮ ಸುಶಿಕ್ಷಿತ ಗೃಹಸ್ಥನು ಆಕೆಯನ್ನು ದಾಟಿ ಮುಂದಿನ ಅಂಗಡಿಗೆ ಹೋಗಿ, ದೂರದ ಊರಿನಿಂದ ರಾತ್ರಿಯೆಲ್ಲ ಲಾರಿಯಲ್ಲಿ ಕುಲುಕಿ ಬಂದ ಹೂಕೋಸನ್ನೂ ಟೊಮೆಟೊವನ್ನೂ ಚೀಲಕ್ಕೆ ತುಂಬಿಕೊಂಡು ಬರುತ್ತಾನೆ. ‘ಹಕ್ಕರಕಿಯನ್ನು ಯಾಕೆ ಕೊಳ್ಳಲಿಲ್ಲ’ವೆಂದು ಕೇಳಿದರೆ, ‘ಅದು ಹೊಲದ ಕಸವಲ್ಲವೇ!’ ಎಂಬ ಉತ್ತರವು ಸಿದ್ಧವಾಗಿದೆ.

ಈ ಒಂದು ಉತ್ತರದಲ್ಲಿ ಮೂರು ಅಜ್ಞಾನಗಳು ಅಡಗಿರುತ್ತವೆ: ನೆಲದ ಅಜ್ಞಾನ, ನಾಲಗೆಯ ಅಜ್ಞಾನ, ನ್ಯಾಯದ ಅಜ್ಞಾನ. ಅವನ್ನು ಒಂದೊಂದಾಗಿ ಬಿಚ್ಚಿ ತೋರಿಸುವದೇ ಈ ಲೇಖದ ಉದ್ದೇಶವು.

ಮೊದಲು ನೆಲದ ಮಾತು. ವಸಂತವೆಂದೊಡನೆ ನಮ್ಮವರು ಪಂಚಾಂಗವನ್ನು ತೆಗೆದು ಚೈತ್ರ-ವೈಶಾಖಗಳನ್ನು ತೋರಿಸುವರು. ಚೂತವನ, ಕೋಗಿಲೆ, ಮಲಯಮಾರುತ ಇವೆಲ್ಲ ಕಾವ್ಯದಲ್ಲಿ ಇದ್ದರೆ ಇರಲಿ. ಆದರೆ ಚೈತ್ರಮಾಸದಲ್ಲಿ ರೋಣದಿಂದ ನರಗುಂದದ ಗುಡ್ಡದವರೆಗೆ ಒಮ್ಮೆ ನಡೆದು ಬರಬೇಕು. ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಟ್ಟ ಎರೆಯ ಬಿರುಕುಗಳು, ಕೊಯ್ದ ಜೋಳದ ಕೂಳೆಗಳು, ಬಿಸಿಗಾಳಿಗೆ ಏಳುವ ಕರಿಯ ಧೂಳು ಇವಲ್ಲದೆ ಹೊಲದಲ್ಲಿ ಮತ್ತೇನೂ ಕಾಣಲಾರದು. ಬದುವಿನ ಬೇವು, ಹುಣಸೆಗಳು ಚಿಗುರಿರುತ್ತವೆ, ನಿಜ. ಆದರೆ ನೆಲದ ಮೇಲೆ ಹಸುರಿಲ್ಲ. ಏಕೆಂದರೆ ನಮ್ಮ ಸೀಮೆಗೆ ವರ್ಷಕ್ಕೆ ಬೀಳುವ ಮಳೆಯು ೬೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿ ನೆಚ್ಚಿಕೆಯ ದೊಡ್ಡ ಪಾಲು ಭಾದ್ರಪದ-ಆಶ್ವಿನಗಳಲ್ಲಿ ಬರುವದು. ಎರೆಯ ಮಣ್ಣು ಆ ನೀರನ್ನು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಹಿಂಗಾರಿಯ ಜೋಳ, ಕಡಲೆ, ಕುಸುಬಿ, ಗೋದಿಗಳು ಮೇಲಿನಿಂದ ಮತ್ತೆ ಮಳೆಯನ್ನು ಬೇಡದೆ, ಒಳಗಿನ ಆ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನೆಮ್ಮಿ ಬೆಳೆಯುತ್ತವೆ. ಆದುದರಿಂದ ಎರೆನೆಲವು ಚಿಗುರುವ ಕಾಲ, ನಗುವ ಕಾಲ, ಹಂಚುವ ಕಾಲ ಯಾವುದೆಂದರೆ ಮಾರ್ಗಶಿರದಿಂದ ಮಾಘದ ವರೆಗಿನದು. ನಮ್ಮ ನೆಲದ ವಸಂತವು ಪಂಚಾಂಗದ ವಸಂತಕ್ಕಿಂತ ಮೂರು ತಿಂಗಳು ಮುಂಚೆಯೇ ಬಂದು ಹೋಗುತ್ತದೆ. ಎಳ್ಳಮಾವಾಸ್ಯೆಯ ದಿವಸ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಭೂತಾಯಿಗೆ ಚರಗ ಚೆಲ್ಲುವ ಒಕ್ಕಲಿಗನು ಇದನ್ನು ಬಲ್ಲನು; ಪುಸ್ತಕದ ವಸಂತವನ್ನು ಓದಿದವನು ಅರಿಯನು.

ಇದು ನಮ್ಮ ಸೀಮೆಯ ವಿಪರೀತವೆಂದು ಯಾರೂ ನಗಬೇಕಾದುದಿಲ್ಲ. ಜಪಾನ ದೇಶದವರು ಜನವರಿ ೭ನೆಯ ತಾರೀಖು ಏಳು ಬಗೆಯ ಎಳೆಯ ಸೊಪ್ಪುಗಳನ್ನು ಹಾಕಿ ಅಕ್ಕಿಯ ಗಂಜಿಯನ್ನು ಮಾಡಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಆ ಏಳು ಸೊಪ್ಪುಗಳಿಗೆ ಅವರು ಕೊಟ್ಟ ಹೆಸರು ‘ವಸಂತದ ಏಳು ಸೊಪ್ಪು’ ಎಂದೇ. ಅವುಗಳಲ್ಲಿ ಮೂಲಂಗಿ, ಟರ್ನಿಪ್ಪುಗಳಂಥ ಬೆಳೆಗಳ ಜೊತೆಗೆ, ಗದ್ದೆಯ ಬದಿಯಲ್ಲಿ ತಾವಾಗಿಯೇ ಹುಟ್ಟುವ, ನಮ್ಮ ಗೃಹಸ್ಥರು ಕಸವೆನ್ನಬಹುದಾದ ಗಿಡಗಳೂ ಇವೆ. ಯಂತ್ರಗಳನ್ನು ಕಟ್ಟಿ ಜಗತ್ತಿಗೆಲ್ಲ ಮಾರಿದ ಆ ಜನಕ್ಕೆ ಚಳಿಗಾಲದ ನಡುವೆ ವಸಂತವನ್ನು ಗುರುತಿಸುವದು ನಾಚಿಕೆಯೆನಿಸಲಿಲ್ಲ. ಗದ್ದೆಯ ಬದಿಯ ಸೊಪ್ಪನ್ನು ಹಬ್ಬದ ಅನ್ನಕ್ಕೆ ಏರಿಸುವದು ಹಿಂದುಳಿದಿರುವಿಕೆಯೆನಿಸಲಿಲ್ಲ. ಗ್ರೀಸ ದೇಶದ ಹಳ್ಳಿಗಳಲ್ಲಿ ಗುಡ್ಡದ ಕಹಿಸೊಪ್ಪುಗಳನ್ನು ಆರಿಸಿ ತಂದು ಬೇಯಿಸಿ ಎಣ್ಣೆ ಹಾಕಿ ಉಣ್ಣುವ ರೂಢಿಯು ಇಂದಿಗೂ ಇದೆ. ಅಷ್ಟು ದೂರ ಹೋಗುವದೇತಕ್ಕೆ? ನಮ್ಮದೇ ನಾಡಿನ ಕೋಲಾರ, ತುಮಕೂರು, ಮಂಡ್ಯದ ಕಡೆಗೆ ಹೊಲದ ಬೆರಕೆ ಸೊಪ್ಪಿನ ಬಸ್ಸಾರೆಂದರೆ ಶ್ರೀಮಂತರ ಮನೆಯಲ್ಲಿಯೂ ಎರಡು ತುತ್ತು ಹೆಚ್ಚು ಇಳಿಯುತ್ತದೆ.

ಇನ್ನು ನಾಲಗೆಯ ಮಾತು. ಹಕ್ಕರಕಿಯು ಕುಸುಬಿ, ಸೂರ್ಯಕಾಂತಿ, ಸೇವಂತಿಗೆಗಳ ವಂಶಕ್ಕೇ ಸೇರಿದ ಒಂದು ಪುಟ್ಟ ಸಸ್ಯವು. ಅದರ ಎಲೆಗಳು ಅಂಚಿನಲ್ಲಿ ಕಚ್ಚುಕಚ್ಚಾಗಿದ್ದು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಸುತ್ತಲೂ ಹರಡಿರುತ್ತವೆ. ಎಲೆಯನ್ನು ಮುರಿದರೆ ಹಾಲು ಒಸರುತ್ತದೆ. ಬಲಿತಾಗ ನಡುವಿನಿಂದ ಕಡ್ಡಿಯೆದ್ದು ಹಳದಿ ಹೂ ಬಿಡುತ್ತದೆ. ಹೂ ಬಿಡುವ ಮುಂಚೆಯೇ ಕೀಳಬೇಕು. ಆ ಮೇಲೆ ಕಹಿಯು ಹೆಚ್ಚುವದು. ಅದನ್ನು ಬೇಯಿಸುವ ಗೋಜಿಲ್ಲ, ಒಗ್ಗರಣೆಯ ಆಡಂಬರವಿಲ್ಲ. ನಾಲ್ಕು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆದು, ಬೇರು ಕತ್ತರಿಸಿ, ಹಸಿದಾಗಿಯೇ ತಾಟಿನ ಅಂಚಿಗೆ ಇಟ್ಟುಕೊಳ್ಳುವದು. ಆಗ ತಾನೇ ಬಡಿದು ಬೇಯಿಸಿದ ಜೋಳದ ರೊಟ್ಟಿ, ಎಣ್ಣೆ ಹನಿಸಿದ ಶೇಂಗಾದ ಇಲ್ಲವೆ ಗುರೆಳ್ಳಿನ ಚಟ್ನಿಪುಡಿ, ಒಂದು ಬಟ್ಟಲು ಕೆನೆಮೊಸರು, ತಪ್ಪಲು ಸಹಿತವಾದ ಎಳೆಯ ಉಳ್ಳಾಗಡ್ಡಿ, ಎಣಿಗಾಯಿ ಪಲ್ಯ ಇವುಗಳ ನಡುವೆ ಹಕ್ಕರಕಿಯ ನಾಲ್ಕು ಎಲೆಗಳನ್ನು ಕಚ್ಚಿದರೆ, ಮೊದಲು ತಂಪು, ಆ ಮೇಲೆ ಗರಿಗರಿ, ಕಡೆಗೆ ನಾಲಗೆಯ ಬುಡದಲ್ಲಿ ಸಣ್ಣ ಕಹಿ. ಆ ಕಹಿಯೇ ಮುಂದಿನ ತುತ್ತಿನ ರೊಟ್ಟಿಯನ್ನು ಸಿಹಿ ಮಾಡುವದು. ಸಣ್ಣಗೆ ಹೆಚ್ಚಿ ಉಳ್ಳಾಗಡ್ಡಿ, ಶೇಂಗಾಪುಡಿ, ಉಪ್ಪು-ಖಾರ ಕೂಡಿಸಿದರೆ ಪಚಡಿಯಾಗುವದು. ಇದರಲ್ಲಿ ಅಡಿಗೆಯವನ ಚಾತುರ್ಯವೇನೂ ಇಲ್ಲ. ಚಾತುರ್ಯವೆಲ್ಲ ಎರೆಯ ಮಣ್ಣಿನದು, ಇಬ್ಬನಿಯದು.

ಹಕ್ಕರಕಿಯೊಂದೇ ಅಲ್ಲ, ಅದರ ಒಡಹುಟ್ಟಿದವರೂ ಇದ್ದಾರೆ. ಕುಸುಬಿಯು ಮುಳ್ಳು ಬಿಡುವ ಮುಂಚಿನ ಎಳೆಯ ಸೊಪ್ಪು, ಗೋಳಿ, ಕಿರಕಸಾಲಿ, ಕಡಲೆಯ ಕುಡಿ. ಅದರಲ್ಲಿಯೂ ಕಡಲೆಯ ಕುಡಿಯನ್ನು ಚಿವುಟಿ ಪಲ್ಯ ಮಾಡುವ ವಿಷಯದಲ್ಲಿ ಒಂದು ಗಮ್ಮತ್ತುಂಟು. ಬಿತ್ತಿದ ಒಂದು ತಿಂಗಳ ಸುಮಾರಿಗೆ ತುದಿಯನ್ನು ಚಿವುಟಿದರೆ ಗಿಡವು ಮೇಲಕ್ಕೆ ಬೆಳೆಯುವದನ್ನು ಬಿಟ್ಟು ಮಗ್ಗುಲಿಗೆ ಟೊಂಗೆಯೊಡೆಯುತ್ತದೆ. ಟೊಂಗೆ ಹೆಚ್ಚಿದಂತೆ ಹೂವೂ ಕಾಯಿಯೂ ಹೆಚ್ಚುವವು. ಹೀಗೆಂದು ಕೃಷಿ ಪಂಡಿತರೂ ಹೇಳುತ್ತಾರೆ. ಅವರಿಗಿಂತ ಮುಂಚೆಯೇ ನಮ್ಮ ಹೆಣ್ಣುಮಕ್ಕಳ ಕೈಬೆರಳುಗಳು ಹೇಳಿವೆ. ಉಣ್ಣುವದರಿಂದಲೇ ಬೆಳೆ ಹೆಚ್ಚುವ ಇಂಥ ಸೋಜಿಗವು ಲೋಕದಲ್ಲಿ ಎಷ್ಟು ಕಡೆ ಸಿಕ್ಕೀತು? ಕಡಲೆಯ ಎಲೆಯ ಮೇಲೆ ಒಸರುವ ಹುಳಿಯನ್ನು, ರಾತ್ರಿ ಹೊಲದ ಮೇಲೆ ತೆಳುವಾದ ಬಟ್ಟೆಯನ್ನು ಹಾಸಿ ಬೆಳಗಿನಲ್ಲಿ ಇಬ್ಬನಿಯೊಡನೆ ಹಿಂಡಿ, ಸೀಸೆಯಲ್ಲಿಟ್ಟು ಹೊಟ್ಟೆಯ ಬೇನೆಗೆ ಕೊಡುತ್ತಿದ್ದ ಹಿರಿಯರ ಜಾಣ್ಮೆಯನ್ನೂ ಇಲ್ಲಿಯೇ ನೆನೆಯಬೇಕು.

ನಮ್ಮ ಸೀಮೆಯ ಸೂಡಿಯು ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯ ಆಳಿಕೆಯ ನೆಲೆವೀಡಾಗಿದ್ದಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಕೆಯ ತಮ್ಮನಾದ ಜಯಸಿಂಹನ ಆಳಿಕೆಯಲ್ಲಿಯೇ, ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ಬರೆದನು. ಜ್ಯೋತಿಷ್ಯ, ವಾಸ್ತು, ನೀರಿನ ಸೆಲೆ, ಗಿಡಮರಗಳ ವೈದ್ಯ ಇವುಗಳ ಜೊತೆಗೆ ಅಡಿಗೆಯ ಶಾಸ್ತ್ರವೂ ಅದರಲ್ಲಿ ಒಂದು ಅಧಿಕಾರವನ್ನು ಪಡೆದಿದೆ. ಸಾವಿರ ವರ್ಷದ ಹಿಂದಿನ ಪಂಡಿತನಿಗೆ ಅಡಿಗೆಮನೆಯು ವಿದ್ಯೆಯ ಮನೆಯಾಗಿ ಕಂಡಿತು. ಸೂಡಿಯ ಜೋಡುಕಲಶದ ಗುಡಿಯ ಚಿತ್ರವನ್ನು ಗೋಡೆಗೆ ತೂಗುಹಾಕುವ ಇಂದಿನ ವಿದ್ಯಾವಂತರು, ಅದೇ ಗುಡಿಯ ಸುತ್ತಲಿನ ಹೊಲದ ಸೊಪ್ಪಿನ ಹೆಸರನ್ನು ಮಕ್ಕಳಿಗೆ ಹೇಳಲಾರರು. ಕಲ್ಲಿಗೆ ಸಲ್ಲುವ ಗೌರವವು ಎಲೆಗೆ ಯಾಕೆ ಸಲ್ಲಬಾರದು?

‘ಹಿತ್ತಲ ಗಿಡ ಮದ್ದಲ್ಲ’ವೆಂಬ ಗಾದೆಯನ್ನು ನಮ್ಮ ಹಿರಿಯರು ಚೇಷ್ಟೆಗಾಗಿ ಮಾಡಿದರು, ನಾವು ಅದನ್ನು ವ್ರತವಾಗಿ ಹಿಡಿದಿದ್ದೇವೆ. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಪರದೇಶದ ಹಸಿಯ ಎಲೆಗಳನ್ನು ಪಿಂಗಾಣಿ ಬಟ್ಟಲಿನಲ್ಲಿ ಹಾಕಿ, ‘ಸಲಾಡ’ವೆಂದು ಹೆಸರಿಟ್ಟು ತಂದರೆ, ಅದೇ ಗೃಹಸ್ಥನು ಕಹಿಯನ್ನು ಹೊಗಳುತ್ತ ತಿಂದು, ಕೂಲಿಯವನ ದಿನದ ಸಂಬಳದಷ್ಟು ಹಣವನ್ನು ತೆತ್ತು ಬರುತ್ತಾನೆ. ಎಲೆಯು ಕಹಿ ಎಂಬುದು ಅವನ ಆಕ್ಷೇಪಣೆಯಲ್ಲ. ಎಲೆಯನ್ನು ಮಾರುವವಳು ಗೋಣಿಯ ತಟ್ಟಿನ ಮೇಲೆ ಕುಳಿತಿದ್ದಾಳೆಂಬುದೇ ಅವನ ಆಕ್ಷೇಪಣೆ. ಇದಕ್ಕೆ ರುಚಿಯೆಂದು ಹೆಸರಿಡಬಾರದು. ಇದು ಜಾತಿ-ಅಂತಸ್ತುಗಳ ಹಳೆಯ ಹೊಲಸು, ರುಚಿಯ ಅಂಗಿಯನ್ನು ತೊಟ್ಟುಕೊಂಡು ಊಟದ ಪಂಕ್ತಿಯಲ್ಲಿ ಕುಳಿತಿದೆ.

ಈಗ ಮೂರನೆಯದಾದ, ಎಲ್ಲಕ್ಕೂ ಘನವಾದ, ನ್ಯಾಯದ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಒಂದು ಹಳೆಯ ನಡವಳಿಕೆಯುಂಟು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಬಡವರು ಆರಿಸಿಕೊಳ್ಳಬಹುದು. ಅದಕ್ಕೆ ಹಕ್ಕಲು ಆಯುವದೆಂದು ಹೆಸರು. ಅದರಂತೆ ಕಸ ತೆಗೆಯಲು ಬಂದ ಹೆಣ್ಣಾಳುಗಳು, ಬೆಳೆಗೆ ಕೇಡಾಗದಂತೆ, ಹೊಲದೊಳಗಿನ ಹಕ್ಕರಕಿಯನ್ನು ಉಡಿಯಲ್ಲಿ ತುಂಬಿಕೊಂಡು ಹೋಗಬಹುದು. ಯಾವ ಕಾಯದೆಯ ಪುಸ್ತಕದಲ್ಲಿಯೂ ಇದು ಬರೆದಿರಲಿಕ್ಕಿಲ್ಲ. ಆದರೆ ಇದಕ್ಕಾಗಿ ಬಯ್ಯುವ ಹೊಲದೊಡೆಯನನ್ನು ಊರು ಮೆಚ್ಚುತ್ತಿದ್ದಿಲ್ಲ. ಫ್ರಾನ್ಸ ದೇಶದಲ್ಲಿ ಹಕ್ಕಲು ಆಯುವ ಬಡವರ ಅಧಿಕಾರವನ್ನು ೧೫೫೪ರಷ್ಟು ಹಿಂದೆಯೇ ರಾಜಶಾಸನದಲ್ಲಿ ಬರೆದಿಟ್ಟರು. ನಮ್ಮಲ್ಲಿ ಅದು ಶಾಸನವಿಲ್ಲದೆಯೇ ನಡೆದು ಬಂದಿತು. ಹೊಲವಿಲ್ಲದವಳಿಗೆ ಎರೆನೆಲದ ವಸಂತದಲ್ಲಿ ಇದ್ದ ಪಾಲು ಅದೊಂದೇ: ಸಂಜೆಯ ರೊಟ್ಟಿಗೆ ಒಂದು ಉಡಿ ಪಲ್ಯ, ಹೆಚ್ಚಾದರೆ ಮರುದಿನ ಸಂತೆಯಲ್ಲಿ ನಾಲ್ಕು ಕಾಸು. ಈಗ ಆ ಪಾಲು ಕರಗುತ್ತಿದೆ. ಯಾರೂ ಅವಳನ್ನು ಹೊಲದಿಂದ ಓಡಿಸಲಿಲ್ಲ. ಅವಳು ಕೀಳುತ್ತಿದ್ದ ಎಲೆಯನ್ನೇ ಓಡಿಸಲಾಗಿದೆ.

ಓಡಿಸಿದುದು ಹೇಗೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲಂಡ, ಅಮೇರಿಕಗಳ ರಸಾಯನ ಪಂಡಿತರು ೨,೪-ಡಿ ಎಂಬ ಒಂದು ದ್ರವ್ಯವನ್ನು ಕಂಡುಹಿಡಿದರು. ೧೯೪೫ರ ತರುವಾಯ ಅದು ಮಾರಾಟಕ್ಕೆ ಬಂದಿತು. ಅದರ ಗುಣವೇನೆಂದರೆ, ಜೋಳ, ಗೋದಿ, ಗೋವಿನಜೋಳಗಳಂಥ ಹುಲ್ಲಿನ ಜಾತಿಯ ಬೆಳೆಗಳನ್ನು ಉಳಿಸಿ, ಅಗಲವಾದ ಎಲೆಯ ಸಸ್ಯಗಳನ್ನು ಮಾತ್ರ ಕೊಲ್ಲುವದು. ಅಡಿಗೆಮನೆಯ ಭಾಷೆಯಲ್ಲಿ ಹೇಳಬೇಕೆಂದರೆ, ಹೊಲದೊಳಗಿನ ರೊಟ್ಟಿಯನ್ನು ಬಿಟ್ಟು ಪಲ್ಯವನ್ನು ಮಾತ್ರ ಕೊಲ್ಲುವದು! ಕಡಲೆಯು ತಾನೇ ಅಗಲೆಲೆಯದಾದುದರಿಂದ ಅಲ್ಲಿ ಬೇರೆ ಉಪಾಯ: ಪೆಂಡಿಮಿಥಾಲಿನ್ ಎಂಬುದನ್ನು ಬಿತ್ತಿದ ಬೆನ್ನಿಗೇ ನೆಲದ ಮೇಲೆ ಸಿಂಪಡಿಸಿದರೆ ಕಸದ ಬೀಜಗಳು ಮೊಳೆತರೂ ಏಳಲಾರವು. ನಮ್ಮ ಒಕ್ಕಲಿಗರು ಇಂಥವನ್ನು ‘ಎಣ್ಣೆ’ಯೆಂದೂ ‘ಔಷಧ’ವೆಂದೂ ಕರೆಯುತ್ತಾರೆ. ಕೊಲ್ಲುವದಕ್ಕೆ ಔಷಧವೆಂಬ ಹೆಸರು ಬಂದಾಗ, ಕಾಯುವದಕ್ಕೆ ಕಸವೆಂಬ ಹೆಸರು ಬಂದರೆ ಆಶ್ಚರ್ಯವೇನು? ಇಂಥ ಎಣ್ಣೆ ಹೊಡೆದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಉಳಿದಿದ್ದರೂ ಅದನ್ನು ಕಿತ್ತು ತಿನ್ನುವದು ಅಪಾಯವೆಂಬುದನ್ನೂ ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಹೀಗಾಗಿ ಎಲೆಯು ಸತ್ತರೂ ಅವಳಿಗೆ ಇಲ್ಲ. ಉಳಿದರೂ ಅವಳಿಗೆ ಇಲ್ಲ.

ಇದಕ್ಕೆ ಹೊಲದೊಡೆಯರು ಕೊಡುವ ಉತ್ತರವನ್ನು ಮರೆಮಾಚುವದು ಸರಿಯಲ್ಲ. ‘ಸ್ವಾಮೀ, ಕೂಲಿಯಾಳು ಸಿಕ್ಕುವದಿಲ್ಲ, ಸಿಕ್ಕರೆ ಸಂಬಳ ಗಿಟ್ಟುವದಿಲ್ಲ. ಕಸವು ನೆಲದ ತೇವವನ್ನು ಕುಡಿದರೆ ನಮ್ಮ ಕಡಲೆಗೆ ಉಳಿಯುವದೇನು? ನಿಮ್ಮ ತಾಟಿನ ಸೊಗಸಿಗಾಗಿ ನಾವು ಹಾಳಾಗಬೇಕೆ?’ ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ಯೋಗ್ಯವಾದುದೇ. ಮಳೆಯ ನೆಚ್ಚಿಕೆಯಿಲ್ಲದ ನಾಡಿನಲ್ಲಿ ಒಂದು ಹನಿ ತೇವವೂ ಬೆಲೆಯುಳ್ಳದ್ದು. ಕಸವನ್ನು ಪೂಜಿಸಿರೆಂದು ನಾವು ಹೇಳುವದಿಲ್ಲ. ಆದರೆ ಹಕ್ಕರಕಿಯನ್ನು ಎಳೆಯದಿರುವಾಗಲೇ ಕಿತ್ತು ತಿನ್ನುವದು. ಕೀಳುವದೆಂದರೆ ಕಸ ತೆಗೆದಂತೆಯೇ ಆಯಿತಲ್ಲವೇ? ಎಡೆಕುಂಟೆಯು ಸಾಲುಗಳ ನಡುವಿನ ಕಸವನ್ನು ತೆಗೆಯುವದು. ಸಾಲಿನೊಳಗಿನದನ್ನು ಪಲ್ಯದ ಆಸೆಯುಳ್ಳ ಕೈಗಳು ತೆಗೆಯುವವು. ಇನ್ನು ಕೂಲಿಯಾಳುಗಳ ಅಭಾವ: ಕಸ ತೆಗೆಯುವ ದಿನಗಳನ್ನು ಕಡಿಮೆ ಮಾಡಿದಷ್ಟೂ ಹೆಣ್ಣಾಳುಗಳು ಬೇರೆ ಊರಿಗೆ, ಬೇರೆ ಉದ್ಯೋಗಕ್ಕೆ ಹೋಗುವರು, ಹೋದ ಮೇಲೆ ಆಳು ಸಿಕ್ಕುವದಿಲ್ಲವೆಂದು ಇನ್ನಷ್ಟು ಎಣ್ಣೆ. ಈ ಗಾಣವು ಹೀಗೆ ಸುತ್ತುತ್ತಲೇ ಇರುವದು. ಉಳಿಸಿದ ಸಂಬಳವು ಯಾರ ಕಿಸೆಯಿಂದ ಬಂದಿತೆಂಬುದನ್ನು ಒಡೆಯನು ಒಮ್ಮೆ ಲೆಕ್ಕ ಹಾಕಲಿ: ಅವಳ ಕೂಲಿ ಹೋಯಿತು, ಅವಳ ಪಲ್ಯವೂ ಹೋಯಿತು.

ಒಂದೇ ಬೆಳೆಯನ್ನು, ಒಂದೇ ಉಪಾಯವನ್ನು ನಂಬಿದರೆ ಏನಾಗುವದೆಂಬುದಕ್ಕೆ ನರಗುಂದದವರಿಗೆ ಪರಸ್ಥಳದ ದೃಷ್ಟಾಂತವು ಬೇಕಾಗಿಲ್ಲ. ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರು ೧೯೭೦ರ ದಶಕದಲ್ಲಿ ಕಾಲುವೆಗಳಲ್ಲಿ ಹರಿದು ಬಂದಿತು. ಧಾರವಾಡದಲ್ಲಿ ಕಟಾರಕಿಯವರು ೧೯೭೨ರಲ್ಲಿ ಹೊರತಂದ ವರಲಕ್ಷ್ಮೀ ಹತ್ತಿಯು ಹೊಲಹೊಲದಲ್ಲಿ ನಿಂತಿತು. ಎರೆಯ ಮಣ್ಣಿಗೆ ಮಿತಿಮೀರಿದ ನೀರು ಕೆಲವೆಡೆ ಸವಳಾಗಿ ಕಾಡಿತು. ಹತ್ತಿಯ ಧಾರಣೆ ಕುಸಿಯಿತು. ಅದರ ಮೇಲೆ ನೀರಿನ ಕರ, ಅಭಿವೃದ್ಧಿ ಕರಗಳ ಹೊರೆ ಬಿದ್ದಿತು. ೧೯೮೦ರ ಜುಲೈ ೨೧ರಂದು ನರಗುಂದದ ಬೀದಿಯಲ್ಲಿ ಗುಂಡು ಹಾರಿತು, ರೈತರ ರಕ್ತ ಹರಿಯಿತು. ಕರ್ನಾಟಕದ ರೈತ ಚಳವಳಿಗೆ ಅದು ಕಿಡಿಯಾಯಿತು. ಆ ದಿವಸವನ್ನು ನಾವು ವರ್ಷಕ್ಕೊಮ್ಮೆ ಹೂಮಾಲೆ ಹಾಕಿ ನೆನೆಯುತ್ತೇವೆ. ಅದರ ಪಾಠವನ್ನು ನೆನೆಯುತ್ತೇವೆಯೇ? ಹತ್ತಿಯ ಧಾರಣೆ ಬಿದ್ದ ವರ್ಷದಲ್ಲಿಯೂ ಹಕ್ಕರಕಿಯು ಬಂದಿದ್ದೀತು. ಅದಕ್ಕೆ ಕಾಲುವೆ ಬೇಕಿಲ್ಲ, ಸಾಲ ಬೇಕಿಲ್ಲ, ದಲ್ಲಾಲಿ ಬೇಕಿಲ್ಲ. ಅದರ ಮೇಲೆ ಕರ ಹಾಕುವ ಯುಕ್ತಿಯೂ ಇನ್ನೂ ಯಾರಿಗೂ ಹೊಳೆದಿಲ್ಲ. ಹೊಲದೊಳಗೆ ಪೇಟೆಯ ಹಂಗಿಲ್ಲದ ವಸ್ತುವೊಂದು ಉಳಿದಿರುವದು ಒಕ್ಕಲಿಗನಿಗೂ ಒಂದು ಧೈರ್ಯವಲ್ಲವೇ?

ಆರೋಗ್ಯದ ವಿಷಯದಲ್ಲಿಯೂ ಎರಡು ಮಾತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ರಕ್ತಹೀನತೆಯುಂಟು. ಹಕ್ಕರಕಿಯನ್ನು ತಿಂದೊಡನೆ ಇದು ಹೋಗಿಬಿಡುವದೆಂದು ಹೇಳುವಷ್ಟು ಹುಚ್ಚು ನಮಗಿಲ್ಲ; ರಕ್ತಹೀನತೆಗೆ ಬಡತನ, ಬಾಣಂತಿತನ, ಜಂತುಹುಳ, ಅಪಥ್ಯ ಮೊದಲಾದ ಅನೇಕ ಕಾರಣಗಳಿವೆ, ವೈದ್ಯರ ಗುಳಿಗೆಯೂ ಬೇಕು. ಆದರೆ ಹಸುರು ಸೊಪ್ಪು ಇಂಥವರ ಅನ್ನದಲ್ಲಿ ಹೆಚ್ಚಬೇಕೆಂಬುದನ್ನು ಯಾವ ವೈದ್ಯನೂ ಅಲ್ಲಗಳೆಯಲಾರನು. ಒಂದು ಕೈಯಿಂದ ಗುಳಿಗೆ ಹಂಚಿ, ಇನ್ನೊಂದು ಕೈಯಿಂದ ಹೊಲದ ಸೊಪ್ಪನ್ನು ಕೊಲ್ಲುವ ಸಮಾಜಕ್ಕೆ ಬುದ್ಧಿವಂತಿಕೆಯ ಪದಕವನ್ನು ಯಾರು ಕೊಟ್ಟಾರು? ನಮ್ಮ ಹಳೆಯ ವೈದ್ಯಶಾಸ್ತ್ರವು ಋತುಚರ್ಯೆಯೆಂದು ಒಂದು ಪ್ರಕರಣವನ್ನೇ ಬರೆದು, ವಸಂತದಲ್ಲಿ ಕಹಿ, ಒಗರುಗಳು ಹಿತವೆಂದಿತು. ಯುಗಾದಿಯ ದಿವಸ ಬೇವನ್ನು ಬಾಯಿಗೆ ತಾಗಿಸುವ ಶಾಸ್ತ್ರವನ್ನು ನಾವು ತಪ್ಪದೆ ಮಾಡುತ್ತೇವೆ. ಅದರ ಹಿಂದಿನ ಮೂರು ತಿಂಗಳು ನೆಲವೇ ತಂದುಕೊಟ್ಟ ಹಿತವಾದ ಕಹಿಯನ್ನು ಮಾತ್ರ ಕಾಲಿನಿಂದ ಸರಿಸುತ್ತೇವೆ.

‘ಇದೆಲ್ಲ ಹಿಂದಕ್ಕೆ ಹೋಗುವ ಮಾತು’ ಎಂದು ಕೆಲವು ತರುಣರು ಹೇಳಬಹುದು. ‘ಮೆಣಸಿನಕಾಯಿ, ಶೇಂಗಾ, ಬಟಾಟೆ ಇವೆಲ್ಲ ಸಮುದ್ರದಾಚೆಯಿಂದಲೇ ಬಂದುವಲ್ಲ, ಅವನ್ನು ತಿನ್ನುವ ನೀವು ಹೂಕೋಸನ್ನು ಯಾಕೆ ದೂಷಿಸುತ್ತೀರಿ? ವರ್ಷದುದ್ದಕ್ಕೂ ಬೇಕಾದುದನ್ನು ತಿನ್ನುವ ಸ್ವಾತಂತ್ರ್ಯವೇ ನಾಗರಿಕತೆ’ ಎನ್ನಬಹುದು. ಅಹುದು, ಮೆಣಸಿನಕಾಯಿಯೂ ಶೇಂಗಾವೂ ಅಮೇರಿಕ ಖಂಡದಿಂದ ಬಂದವು. ಆದರೆ ಅವು ಬಂದು ನಮ್ಮ ಮಳೆಯನ್ನು ಕಲಿತವು, ನಮ್ಮ ಮಣ್ಣಿನಲ್ಲಿ ಬೇರೂರಿದವು, ತಮ್ಮ ಕಾಲಕ್ಕೆ ಬಂದು ತಮ್ಮ ಕಾಲಕ್ಕೆ ಹೋಗುತ್ತವೆ. ನಮ್ಮ ಜಗಳವು ಪರದೇಶದ ಬೀಜದೊಡನೆ ಅಲ್ಲ. ಕಾಲವನ್ನು ಮರೆತ ನಾಲಗೆಯೊಡನೆ. ವರ್ಷದುದ್ದಕ್ಕೂ ದೊರೆಯುವ ಪದಾರ್ಥವು ವರ್ಷದಲ್ಲಿ ಒಂದು ದಿವಸವೂ ಹಬ್ಬವನ್ನು ತರಲಾರದು. ಮಾವಿನ ಹಣ್ಣಿಗೆ ಇರುವ ಮರ್ಯಾದೆಯು ಬಾಳೆಯ ಹಣ್ಣಿಗೆ ಯಾಕಿಲ್ಲ? ಕಾಯಿಸುವದರಿಂದಲೇ ಅಲ್ಲವೇ? ಇನ್ನು ಸ್ವಾತಂತ್ರ್ಯದ ಮಾತು: ವರ್ಷವೆಲ್ಲ ಅದೇ ಹೂಕೋಸು, ಅದೇ ಟೊಮೆಟೊ, ಅದೇ ಬಟಾಟೆ ತಿನ್ನುವವನ ಸ್ವಾತಂತ್ರ್ಯವು ಮೂರು ಕಾಯಿಪಲ್ಯಗಳ ಸ್ವಾತಂತ್ರ್ಯವು. ಹೊಲದ ಹತ್ತಾರು ಸೊಪ್ಪುಗಳ ಹೆಸರು ಬಲ್ಲ ಅಕ್ಷರವಿಲ್ಲದ ಹೆಣ್ಣುಮಗಳು ಅವನಿಗಿಂತ ಸ್ವತಂತ್ರಳು.

‘ಬಡವರ ಅನ್ನವನ್ನು ಹೊಗಳಿ ಬಡತನವನ್ನೇ ಹೊಗಳುತ್ತೀರಿ’ ಎಂಬುದು ಇನ್ನೊಂದು ಆಕ್ಷೇಪಣೆ. ಬಡತನದಲ್ಲಿ ಹೊಗಳುವಂಥದೇನೂ ಇಲ್ಲ. ಹಕ್ಕರಕಿಯನ್ನು ಮಾರುವವಳ ಮೊಮ್ಮಗಳು ಶಾಲೆಗೆ ಹೋಗಲಿ, ಅಧಿಕಾರಿಣಿಯಾಗಲಿ. ಆದರೆ ಆಕೆಯು ಅಧಿಕಾರಿಣಿಯಾದ ದಿವಸ ಅಜ್ಜಿಯ ಸೊಪ್ಪಿನ ಹೆಸರನ್ನು ಹೇಳಲು ನಾಚದಿರಲಿ. ಬಡವರದೆಂಬ ಕಾರಣಕ್ಕೆ ಒಳ್ಳೆಯ ವಸ್ತುವನ್ನು ತಿರಸ್ಕರಿಸುವದು ಬಡತನವನ್ನು ತೊಲಗಿಸಲಿಲ್ಲ. ಬಡವರಿಂದ ಒಳ್ಳೆಯ ವಸ್ತುವನ್ನು ಮಾತ್ರ ತೊಲಗಿಸಿತು. ಜೋಳದ ರೊಟ್ಟಿಯ ಪಾಡೂ ಹೀಗೆಯೇ ಆಗಿದ್ದಿತಲ್ಲವೇ? ಅಕ್ಕಿಯ ಅನ್ನವನ್ನು ಅಂತಸ್ತೆಂದೂ ರೊಟ್ಟಿಯನ್ನು ಹಳ್ಳಿಗತನವೆಂದೂ ಎಣಿಸಿದವರೇ ಇಂದು ಸಿರಿಧಾನ್ಯವೆಂಬ ಹೊಸ ಹೆಸರಿನ ಕೆಳಗೆ, ಚೆಂದದ ಚೀಲಗಳಲ್ಲಿ, ಹೆಚ್ಚಿನ ಬೆಲೆಗೆ ಅದನ್ನೇ ಕೊಳ್ಳುತ್ತಿದ್ದಾರೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಬಳಿಕವಂತೂ ಕೇಳುವದೇ ಬೇಡ. ಹಕ್ಕರಕಿಗೂ ಯಾರಾದರೂ ಹೊರಗಿನವರು ಪ್ರಶಸ್ತಿಪತ್ರವನ್ನು ಕೊಡುವ ವರೆಗೆ ನಾವು ಕಾಯಬೇಕೆ? ಆ ಪತ್ರವು ಬರುವ ವೇಳೆಗೆ ಹೊಲದಲ್ಲಿ ಎಲೆಯೇ ಉಳಿದಿರದಿದ್ದರೆ?

ಬರಿಯ ನಿಂದೆಯಿಂದ ಕೆಲಸವಾಗದು, ಮಾಡತಕ್ಕದ್ದನ್ನೂ ಹೇಳಬೇಕು. ಹೊಲದೊಡೆಯರು ಬದುವಿನ ಮಗ್ಗುಲಿನ ನಾಲ್ಕು ಸಾಲುಗಳನ್ನಾದರೂ ಎಣ್ಣೆ ಸೋಕಿಸದೆ ಬಿಡಲಿ. ಆ ಸಾಲುಗಳು ಕಸ ತೆಗೆಯುವ ಹೆಣ್ಣುಮಕ್ಕಳ ಉಡಿಯ ಸಾಲುಗಳೆಂದು ಊರಿಗೆ ತಿಳಿದಿರಲಿ. ಎಣ್ಣೆ ಹೊಡೆದ ಹೊಲಕ್ಕೆ ಗುರುತನ್ನು ಇಡಲಿ. ಪೇಟೆಯ ಮನೆಯವರು ಹಿತ್ತಲಿನ ಮೂಲೆಯಲ್ಲಿ ಒಂದು ಮಡಿಯಷ್ಟು ಎರೆಯ ಮಣ್ಣನ್ನು ಹಾಕಿ, ಹೂವಾಗಿ ಒಣಗಿದ ಹಕ್ಕರಕಿಯ ಬೀಜವನ್ನು ತಂದು ಉದುರಿಸಲಿ. ೧೯೮೬ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ೨೦೦೮ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ನಮಗೆ ಎರಡು ತಾಸಿನ ಹಾದಿಯಲ್ಲಿವೆ. ಕಸವನ್ನು ಕೊಲ್ಲುವ ಬಗೆಯನ್ನು ಕಲಿಸುವಂತೆ, ಆ ಕಸದೊಳಗೆ ಉಣ್ಣುವದು ಯಾವುದು, ಅದನ್ನು ಸಾಲಿನಲ್ಲಿ ಬಿತ್ತಿ ಬೆಳೆಯುವ ಬಗೆ ಯಾವುದೆಂಬುದನ್ನೂ ಅವು ನಮ್ಮ ಒಕ್ಕಲಿಗರಿಗೆ ಕಲಿಸಲಿ. ಶಾಲೆಯ ಬಿಸಿಯೂಟದಲ್ಲಿ ಪುಷ್ಯ-ಮಾಘಗಳ ಎರಡು ತಿಂಗಳು ವಾರಕ್ಕೊಮ್ಮೆ ಹೊಲದ ಸೊಪ್ಪು ಬೀಳಲಿ. ಅದನ್ನು ತಂದುಕೊಟ್ಟ ಮುದುಕಿಗೆ ಸಲ್ಲತಕ್ಕ ಬೆಲೆಯು ಸಲ್ಲಲಿ. ನಮ್ಮ ಜಿಲ್ಲೆಯ ಸಾಹಿತ್ಯ ಸಂಘದವರು ಕವಿಗೋಷ್ಠಿಗಳಲ್ಲಿ ವಸಂತವನ್ನು ವರ್ಣಿಸುವದಕ್ಕೆ ಚೈತ್ರದ ಬಿಸಿಲನ್ನು ಕಾಯದೆ, ಎಳ್ಳಮಾವಾಸ್ಯೆಯ ಮುಂದೆ ಒಂದು ದ್ರಾಕ್ಷಾಪಾಕದ ಸಭೆಯನ್ನು ಬಿಟ್ಟು ಹೊಲದ ಬದುವಿನ ಮೇಲೆ ರೊಟ್ಟಿಯ ಸಭೆಯನ್ನು ನೆರೆಸಲಿ. ಅಲ್ಲಿಗೆ ಬಂದ ಹೆಣ್ಣುಮಕ್ಕಳ ಬಾಯಿಂದ ಸೊಪ್ಪಿನ ಹೆಸರುಗಳನ್ನು, ಅವು ಬರುವ ಮಳೆ-ತಿಂಗಳುಗಳನ್ನು, ಉಣ್ಣುವ ಬಗೆಗಳನ್ನು ಬರೆದುಕೊಂಡು ಈ ಪತ್ರಿಕೆಯಲ್ಲಿ ಅಚ್ಚು ಹಾಕಲಿ. ನಿಘಂಟನ್ನು ಬೆಳೆಸುವ ಕೆಲಸವು ಗ್ರಂಥಾಲಯದಲ್ಲಿ ಎಷ್ಟು ನಡೆಯುತ್ತದೆಯೋ ಹೊಲದಲ್ಲಿಯೂ ಅಷ್ಟೇ ನಡೆಯತಕ್ಕದ್ದು. ಎಲೆಯು ಹೊಲದಿಂದ ಹೋದರೆ ಅದರ ಹೆಸರು ಮಾತಿನಿಂದ ಹೋಗುವದು. ಹೆಸರು ಹೋದ ಮೇಲೆ ಕೇಳುವವರೂ ಇರುವದಿಲ್ಲ.

ಕೊನೆಗೆ ಗೃಹಿಣಿಯರಿಗೆ ಒಂದು ಬಿನ್ನಹ. ಸಂಸ್ಥೆಗಳು ಮಾಡುವದನ್ನು ಕಾಯುತ್ತ ಕೂಡ್ರುವ ಅವಶ್ಯಕತೆಯು ನಿಮಗಿಲ್ಲ. ಬರುವ ಪುಷ್ಯದಲ್ಲಿ ಪೇಟೆಗೆ ಹೋದಾಗ, ಎಣ್ಣೆಯಿಲ್ಲದ ಹೊಲದ್ದೇ ಎಂದು ವಿಚಾರಿಸಿ, ಎರಡು ಸಿವುಡು ಹಕ್ಕರಕಿಯನ್ನು ಕೊಳ್ಳಿರಿ, ಬೆಲೆಯನ್ನು ಕೊಸರಬೇಡಿರಿ. ಮನೆಯ ಯಜಮಾನರು ಮೂಗು ಮುರಿದರೆ ಮುರಿಯಲಿ. ಬಿಸಿಯ ರೊಟ್ಟಿಯೊಡನೆ ಎರಡು ದಿವಸ ಇಟ್ಟು ನೋಡಿರಿ, ಮೂರನೆಯ ದಿವಸ ಅವರೇ ಕೇಳುವರು. ಮಕ್ಕಳಿಗೆ ಎಲೆಯನ್ನು ತೋರಿಸಿ ಹೆಸರನ್ನು ಹೇಳಿಸಿರಿ. ಒಂದು ಸೀಮೆಯ ವಸಂತವು ಅಲ್ಲಿನ ಎಲ್ಲರ ತಾಟಿಗೂ ಬರಬೇಕು. ಕಿತ್ತು ತಂದವಳ ತಾಟಿಗೆ ಮೊದಲು ಬರಬೇಕು.